ಕೊರಳಲ್ಲಿ ಏನೂ ಇರಬಾರದು

ದಿನಕ್ಕೆ ಮೂರು ಸಲ ನಾನು ಅಪ್ಪನ ಎಡಗಲ್ಲವನ್ನು ಬೆರಳಿನಿಂದ ಒತ್ತಿ ನೋಡಬೇಕಿತ್ತು. ಒತ್ತಿದ ಜಾಗ ಬೆಳ್ಳಗಾಗಬೇಕು. ಬೆರಳು ತೆಗೆದು ನಿಧಾನಕ್ಕೆ ಒಂದು, ಎರಡು, ಮೂರು ಎಂದು ಎಣಿಸುವುದರೊಳಗೆ ಅಲ್ಲಿ ಮತ್ತೆ ಕೆಂಪು ಬರಬೇಕು. ಬಂದರೆ ಗಲ್ಲಕ್ಕೆ ಜೀವ ಇದೆ. ಮಿರಜಿನ ಡಾಕ್ಟರು ನನ್ನ ಬೆರಳನ್ನೇ ಹಿಡಿದು ಎಷ್ಟು ಒತ್ತಬೇಕು ಎಂದು ಎರಡು ಸಲ ತೋರಿಸಿಕೊಟ್ಟಿದ್ದರು. ಆದರೂ ಪ್ರತಿ ಸಲ ಮೊದಲು ನನ್ನ ಗಲ್ಲವನ್ನೇ ಒಮ್ಮೆ ಒತ್ತಿ ನೋಡಿಕೊಳ್ಳುತ್ತಿದ್ದೆ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಹುನ್ನೂರಿನ ಸಾಲಿಯಲ್ಲಿ ಅಕ್ಕೋರಾಗಿ ಕೆಲಸ ಸಿಕ್ಕು ಎರಡು ವರ್ಷವಾಗಿತ್ತು. ನಮ್ಮ ಮನೆ ಬನಹಟ್ಟಿಯಲ್ಲಿ. ಊರಿನಲ್ಲಿ ಅರ್ಧ ಮನೆಗಳಿಗೆ ಪವರ್‌ಲೂಮ್ ಬಂದಿತ್ತು, ಉಳಿದವರ ಮನೆಯಲ್ಲಿ ಇನ್ನೂ ಕೈಮಗ್ಗವೇ. ಅಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮಗ್ಗದ ಮುಂದೆ ಬೀಡಿ ಸೇದುವಂತಿಲ್ಲ, ಕಿಡಿ ಹಾರಿದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸು ಹಾಳು. ಎರಡೂ ಕೈಗೆ ಬಿಡುವೂ ಇಲ್ಲ. ಆದ್ದರಿಂದ ಬೆಳಿಗ್ಗೆ ಕುಣಿಯಲ್ಲಿ ಕಾಲಿಟ್ಟರೆ ತಂಬಾಕು-ಸುಣ್ಣ ತಿಕ್ಕಿ ಎಡಗಲ್ಲದೊಳಗೆ ಒತ್ತಿಕೊಂಡುಬಿಡುತ್ತಿದ್ದರು. ಹುಣ್ಣು ಆದದ್ದೂ ಅಲ್ಲೇ. ಸುಣ್ಣ ಸುಟ್ಟಿದೆ ಎಂದು ಅವರು ಆರು ತಿಂಗಳು ತುಪ್ಪ ಹಚ್ಚಿಕೊಂಡರು.

ಮಿರಜಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದು ಎಡಗಲ್ಲವನ್ನೂ ಕೆಳದವಡೆಯ ಒಂದು ತುಂಡನ್ನೂ ಕತ್ತರಿಸಿ ತೆಗೆದರು. ಕತ್ತರಿಸುವ ಮೊದಲು ಡಾಕ್ಟರು ನನ್ನನ್ನೂ ಅವ್ವನನ್ನೂ ಅಪ್ಪನ ಮಂಚದ ಹತ್ತಿರ ಕೂಡಿಸಿಕೊಂಡು, ಆ ತೂತು ಹೇಗೆ ಮುಚ್ಚುತ್ತಾರೆಂದು ಒಂದು ಕಾಗದದ ಮೇಲೆ ಬರೆದು ತೋರಿಸಿದರು. ಅವರು ಮರಾಠಿಯವರು. ನಮ್ಮ ಕಡೆಯ ರೋಗಿಗಳನ್ನು ನೋಡಿ ನೋಡಿ ಕನ್ನಡ ಕಲಿತಿದ್ದರು.

"ಎಡಗಡಿ ಎದಿ ಮ್ಯಾಲಿಂದ ಭುಜದ ತನಕ ಚರ್ಮದ ಒಂದು ಪಟ್ಟಿ ಎತ್ತತೇವಿ. ಅದರ ತುದಿ ಗಲ್ಲಕ್ಕ ಹೊಲಿಯೋದು. ಬುಡ ಎದಿಗೇ ಇರತೈತಿ, ಕೊಯ್ಯಂಗಿಲ್ಲ. ನಡುವ ಕೊಳವಿ ಹಂಗ ಸುತ್ತಿ ಬಿಡತೇವಿ. ಮೂರು ವಾರ ರಕ್ತ ಎಲ್ಲಾ ಆ ಕೊಳವಿ ಒಳಗಿಂದನ ಗಲ್ಲಕ್ಕ ಹೋಗಬೇಕು. ಗಲ್ಲ ತನ್ನ ರಕ್ತ ತಾನು ಹಿಡೀತಂದ್ರ ಆಮ್ಯಾಲ ಬುಡ ಕೊಯ್ಯೋದು."

ಅವ್ವನಿಗೆ ಅರ್ಥವಾಗಲಿಲ್ಲ. ಅಪ್ಪನಿಗೆ ಆಯಿತು. ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಹೊಸೆದು ಕೂಡಿಸುವ ಕೆಲಸ ಅವರು ಸಾವಿರ ಸಲ ಮಾಡಿದವರು. ಎರಡು ಬೆರಳು ಹೊಸೆದು ತೋರಿಸಿ, "ಹಿಂಗ?" ಎಂದರು. ಅದು ಅವರ ಹಳೆಯ ಬಾಯಿಯಿಂದ ನಾನು ಕೇಳಿದ ಕೊನೆಯ ಮಾತುಗಳಲ್ಲಿ ಒಂದು.

ಆಪರೇಶನ್ನಿಗೆ ಒಯ್ಯುವಾಗ ನರ್ಸು ಅಪ್ಪನ ಕೊರಳಿನ ಲಿಂಗ ತೆಗೆಯಲು ಹೇಳಿದಳು. ನಾವು ಲಿಂಗ ಕಟ್ಟಿದ ಜನ. ಹುಟ್ಟಿದಾಗ ಕಟ್ಟಿದ ಲಿಂಗ ಮೈಯಿಂದ ದೂರವಾಗುವಂತಿಲ್ಲ. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅಪ್ಪ ಒಂದು ಗುಟುಕು ಚಹಾ ಕುಡಿದವರಲ್ಲ. ಅವರು ತಲೆಯಾಡಿಸಿ ಮುಷ್ಟಿ ಬಿಗಿಹಿಡಿದರು. ಡಾಕ್ಟರು ಬಂದು, "ಬಲಗೈ ರಟ್ಟಿಗೆ ಕಟ್ಟಿಕೊಳ್ರಿ, ನಂದೇನೂ ತಕರಾರಿಲ್ಲ" ಎಂದ ಮೇಲೆ ಅವ್ವ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಬಿಳಿ ಅರಿವೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿದಳು. ಎದೆ ಕೊಯ್ಯುತ್ತಾರೆ, ಅದಕ್ಕೇ ಎದೆಯ ಮೇಲೆ ಬೇಡ ಎನ್ನುತ್ತಾರೆ. ನಾವು ತಿಳಿದುಕೊಂಡದ್ದು ಹಾಗೆ.

ಎರಡು ವಾರವಾದ ಮೇಲೆ ಮಂಚ ಸಾಲದೆ ನಮ್ಮನ್ನು ಎಂಟು ದಿನಗಳ ಮಟ್ಟಿಗೆ ಮನೆಗೆ ಕಳಿಸಿದರು. ಚರ್ಮ ಎತ್ತಿದ ಎದೆ, ಭುಜದ ಗಾಯಕ್ಕೆ ತೊಡೆಯ ಚರ್ಮ ಹಚ್ಚಿದ್ದರು, ಅದು ಹಿಡಿದಿತ್ತು, ಮೇಲೆ ಸುತ್ತಿದ ಬಟ್ಟೆಯ ಪಟ್ಟಿ ಬಿಚ್ಚಿದ್ದರು. ಮೂಗಿನಿಂದ ಹೊಟ್ಟೆಗೆ ಹೋಗುವ ಸಣ್ಣ ನಳಿಕೆಯಲ್ಲಿ ಹಾಲು, ಗಂಜಿ ಹಾಕುವುದನ್ನು ನಾನು ಕಲಿತಿದ್ದೆ. ಹೊರಡುವ ದಿನ ಡಾಕ್ಟರು ಒಂದೊಂದೇ ಬೆರಳು ಮಡಚಿ ಹೇಳಿದರು: "ಕೊರಳಾಗ ಏನೂ ಇರಬಾರದು. ಮಫ್ಲರ್ ಬ್ಯಾಡ. ಟಾವೆಲ್ ಬ್ಯಾಡ. ಕಾಲರ್ ಅಂಗಿ ಬ್ಯಾಡ. ತಾಯತ, ಸರ, ಏನೂ ಬ್ಯಾಡ. ಆ ಕೊಳವಿ ಮ್ಯಾಲ ಏನೂ ಒತ್ತಬಾರದು. ಎಡಮಗ್ಗಲಾಗಿ ಮಲಗಬಾರದು. ಹೇಳ್ರಿ ನೋಡೋಣ?"

ನಾನು ಸಾಲಿಯ ಹುಡುಗಿಯ ಹಾಗೆ ನಿಂತು ಎಲ್ಲವನ್ನೂ ಒಪ್ಪಿಸಿದೆ. ಒಂದೂ ಬಿಡಲಿಲ್ಲ.

ಬನಹಟ್ಟಿಯ ಮನೆಯಲ್ಲಿ ಆಯಿ, ಅಪ್ಪನ ತಾಯಿ, ಹೊಸ್ತಿಲಲ್ಲೇ ನಿಂತಿದ್ದಳು. ಮಗನ ಎದೆಯಿಂದ ಎದ್ದು, ಕೊರಳನ್ನು ಹಾಯ್ದು, ಗಲ್ಲಕ್ಕೆ ಹೋಗಿ ಅಂಟಿದ ಆ ಮಾಂಸದ ಕೊಳವೆಯನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. "ಬಾ ಯಪ್ಪಾ, ಒಳಗ ಬಾ. ನಿನ್ನ ಎದಿನ ನಿನ್ನ ಗಲ್ಲಕ್ಕ ಕೊಟ್ಟೀದಿ, ಯಾರ ಮನಿಗೂ ಬೇಡಾಕ ಹೋಗಿಲ್ಲ" ಎಂದಳು.

ಮನೆಗೆ ಬಂದ ಮೂರನೆಯ ಬೆಳಿಗ್ಗೆ ಅದು ನಡೆಯಿತು.

ಏಳು ಗಂಟೆಗೆ ನಾನು ಗಲ್ಲ ಒತ್ತಿ ನೋಡಿದ್ದೆ. ಬಿಳಿ, ಎರಡು ಎಣಿಸುವುದರೊಳಗೆ ಕೆಂಪು. ಅಪ್ಪ ಎದ್ದು ಕೂಡಲು ಹೋದಾಗ ಅವರ ರಟ್ಟೆ ಬರಿದಾಗಿತ್ತು. ನಿದ್ದೆಯಲ್ಲಿ ಅರಿವೆ ಸಡಿಲಾಗಿ ಕರಡಿಗೆ ಜಾರಿ, ಕೌದಿಯ ಮಡಿಕೆಯಲ್ಲಿ ಬಿದ್ದಿತ್ತು. ಎರಡೂವರೆ ವಾರದಲ್ಲಿ ಅಪ್ಪನ ರಟ್ಟೆ ಅಷ್ಟು ಸೊರಗಿತ್ತು. ಅವರು ಕರಡಿಗೆಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟರು. ಹಾಲು ತಂದೆ. ಮೂಗಿನ ನಳಿಕೆಯ ಬಾಯಿಯನ್ನು ಬೆರಳಲ್ಲಿ ಮುಚ್ಚಿಕೊಂಡರು. ಮಾತಿಗೆಂದು ನಾನು ಸಾಲಿಯಿಂದ ತಂದಿಟ್ಟಿದ್ದ ಪಾಟಿಯ ಮೇಲೆ ಒಂದೇ ಶಬ್ದ ಬರೆದರು: "ಕೊರಳಾಗ."

ಆಯಿ ಪಾಟಿ ಓದಲಾರಳು. ನಾನು ಓದಿ ಹೇಳಿದೆ.

"ಖರೆ ಐತಿ. ಎದಿಗಿನ ಪಟ್ಟಿ ಬಿಚ್ಚ್ಯಾರಲ್ಲ, ಇನ್ನ ರಟ್ಟಿಗ್ಯಾಕ?" ಎಂದಳು ಆಯಿ.

ಕರಡಿಗೆಯನ್ನು ಕೊರಳಿಗೆ ಕಟ್ಟುವ ಹಳೆಯ ಶಿವದಾರ ಉದ್ದವಾಗಿತ್ತು. ಅದನ್ನು ಹಾಕಿದರೆ ಕರಡಿಗೆ ಬಂದು ಎದೆಯ ಹೊಸ ಚರ್ಮದ ಮೇಲೆ ಕೂಡುತ್ತಿತ್ತು. ಆಯಿ ಅದನ್ನು ಯೋಚಿಸಿದಳು. ಗಂಜಿ ಹಾಕಿದ ಹಾಸಿನ ನೂಲು ತೆಗೆದು, ಹಲವು ಎಳೆ ಕೂಡಿಸಿ, ತೊಡೆಯ ಮೇಲೆ ಹೊಸೆದು ಹೊಸ ದಾರ ಮಾಡಿದಳು. ಕರಡಿಗೆ ಗಾಯಕ್ಕೆ ತಾಗದ ಹಾಗೆ, ಗಂಟಲಗುಳಿಯ ಹತ್ತಿರವೇ ನಿಲ್ಲುವಷ್ಟು ಗಿಡ್ಡಕ್ಕೆ. ಅಪ್ಪನ ಕೊರಳಿನ ಅಳತೆ ತೆಗೆದವಳು ನಾನು. ದಾರವನ್ನು ಹಿಂದೆ ಹಿಡಿದು ಗಂಟು ಹಾಕಿದವಳೂ ನಾನೇ.

"ಬಿಗಿ ಕಟ್ಟ ಬೇ. ಮತ್ತ ಬಿದ್ದೀತು" ಎಂದಳು ಆಯಿ.

ನಾನು ಬಿಗಿ ಕಟ್ಟಿದೆ. ಬಹಳ ವರ್ಷ ಇದನ್ನು ಯೋಚಿಸಿದ್ದೇನೆ. ಆ ಹೊತ್ತಿನಲ್ಲಿ ನನಗೆ ಸಂಶಯ ಬಂದಿತ್ತು, ಹಿರಿಯರಿಗೆ ಹೆದರಿ ಸುಮ್ಮನಿದ್ದೆ ಎಂದು ಬರೆದರೆ ಓದುವವರು ಒಪ್ಪುತ್ತಾರೆ. ಆದರೆ ಅದು ಸುಳ್ಳು. ನನಗೆ ಸಂಶಯವೇ ಬರಲಿಲ್ಲ. ಮಫ್ಲರ್, ಟಾವೆಲ್, ಸರ, ತಾಯತ ಎಲ್ಲ ಕೊರಳಿಗೆ ಹಾಕುವ ವಸ್ತುಗಳು. ಲಿಂಗವನ್ನು ನಾನು ಯಾವತ್ತೂ ವಸ್ತುವೆಂದು ಎಣಿಸಿದವಳಲ್ಲ. ಅಪ್ಪನಿಗೆ ಕಿವಿ ಇದ್ದ ಹಾಗೆ ಅದೂ ಇತ್ತು. ಅವತ್ತು ನನ್ನ ಕೊರಳಲ್ಲೂ ಇತ್ತು.

ಅಪ್ಪ ಪೂಜೆ ಮಾಡಿದರು. ಹಾಲು ಹಾಕಿಸಿಕೊಂಡರು. ಮುಖದ ಅರ್ಧ ಭಾಗ ಗೆಲುವಾಯಿತು.

ಹನ್ನೆರಡರ ಹೊತ್ತಿಗೆ ಅಪ್ಪನ ಗೆಳೆಯ ಬಂದರು. ಓಣಿಯ ಆಚೆ ಮಗ್ಗ ಇದ್ದವರು, ಅಪ್ಪನ ಸಂಗಡವೇ ನೇಯಲು ಕಲಿತವರು. ಬಾಗಿಲಲ್ಲೇ ನಿಂತು ಆ ಕೊಳವೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ, "ಏನಲೇ, ಹೋಗುಮುಂದ ಮನಷ್ಯಾ ಆಗಿ ಹೋಗಿದ್ದಿ, ಸೊಂಡಿ ಹಚ್ಚಿಸ್ಕೊಂಡ ಬಂದೀಯಲ್ಲೋ! ಚೌತಿಗೆ ನಿನ್ನನ್ನ ಕುಂಡ್ರಸ್ತೇವಿ ತಗೋ, ಖರ್ಚ ಉಳೀತು" ಎಂದರು.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ಬಲಗೈಯಿಂದ ಗೆಳೆಯನಿಗೆ ಬಡಿಯುತ್ತ, ಪಾಟಿ ಎಳೆದುಕೊಂಡು, "ನಿನ್ನ ಮಾರಿಗಿಂತ ಛಲೋ ಐತಿ" ಎಂದು ಬರೆದರು. ಗೆಳೆಯ ಓದಿಸಿಕೊಂಡು, "ಯವ್ವಾ ನೋಡ, ಬಾಯಿ ಕೊಯ್ದರೂ ಇವನ ಬಾಯಿ ಹೋಗಲಿಲ್ಲ" ಎಂದರು. ಆಯಿ ಕೂಡ ನಕ್ಕಳು. ತಿಂಗಳಲ್ಲಿ ನಮ್ಮ ಮನೆಯಲ್ಲಿ ಅದೇ ಮೊದಲ ನಗು. ಒಂದು ಗಂಟೆಗೆ ಗಲ್ಲ ನೋಡಬೇಕಿತ್ತು. ಅವರು ಎದ್ದು ಹೋಗಲಿ ಎಂದು ನಾನು ಕಾದೆ. ಅವರು ಎದ್ದಾಗ ಎರಡೂವರೆ ದಾಟಿತ್ತು.

ಅಪ್ಪ ಆಯಾಸವಾಗಿ ದಿಂಬಿಗೆ ಒರಗಿದ್ದರು. ನಾನು ಕೈ ತೊಳೆದು ಬಂದು ಗಲ್ಲವನ್ನು ಒತ್ತಿ ಬಿಟ್ಟೆ. ಒಂದು ಎನ್ನುವ ಮೊದಲೇ ಬಣ್ಣ ತಿರುಗಿ ಬಂತು. ಇಷ್ಟು ಬೇಗ ಯಾವತ್ತೂ ಬಂದಿರಲಿಲ್ಲ. ಒಂದು ಕ್ಷಣ ಸಂತೋಷವಾಯಿತು, ಅದನ್ನೂ ಬರೆಯಬೇಕು. ಆಮೇಲೆ ನೋಡಿದೆ. ಬಂದ ಬಣ್ಣ ಕೆಂಪಾಗಿರಲಿಲ್ಲ. ಬದನೆಕಾಯಿಯ ನೀಲಿ. ಗಲ್ಲ ಉಬ್ಬಿತ್ತು, ಹೊಲಿಗೆಯ ದಾರಗಳು ಚರ್ಮದೊಳಗೆ ಹುಗಿದಿದ್ದವು. ಅಂಗೈ ಇಟ್ಟು ನೋಡಿದೆ. ಬಲಗಲ್ಲ ಬೆಚ್ಚಗಿತ್ತು, ಎಡಗಲ್ಲ ಮಧ್ಯಾಹ್ನದ ಆ ಸೆಕೆಯಲ್ಲೂ ತಣ್ಣಗಿತ್ತು.

ದಾರ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಗಲ್ಲ ನೋಡುತ್ತಿದ್ದೆ, ದಾರ ನೋಡಲಿಲ್ಲ.

"ಅವ್ವಾ, ಗಲ್ಲ ಸಾಯಾಕತ್ತೇತಿ" ಎಂದೆ. ಅಪ್ಪನ ಎದುರಿಗೇ ಅಂದುಬಿಟ್ಟೆ. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು.

ಪಕ್ಕದ ರಬಕವಿಯಲ್ಲಿ ನಮ್ಮನ್ನೆಲ್ಲ ನೋಡುವ ಒಬ್ಬ ವಯಸ್ಸಾದ ಡಾಕ್ಟರು ಇದ್ದರು. ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಸೆರಗು ಬಿದ್ದದ್ದು ಗೊತ್ತಾಗಲಿಲ್ಲ, ದಾರಿಯಲ್ಲಿ ಯಾರೋ ಹೆಂಗಸು ಕೂಗಿ ಹೇಳಿದಳು. ಡಾಕ್ಟರು ಊಟ ಮುಗಿಸಿ ಅಡ್ಡಾಗಿದ್ದರು.

"ಏನಾತು ಅಕ್ಕೋರ?" ಎಂದು ಎದ್ದವರು ನನ್ನ ಮುಖ ನೋಡಿ ಉತ್ತರಕ್ಕೆ ಕಾಯಲಿಲ್ಲ. ಚೀಲ ತೆಗೆದುಕೊಂಡು ಸ್ಕೂಟರ್ ಹೊರಗೆ ತಂದರು.

ಅವರು ಅಪ್ಪನ ಗಲ್ಲ ಮುಟ್ಟಲೇ ಇಲ್ಲ. ನೋಡಿದ ತಕ್ಷಣ ಅವರ ಕೈ ಕೊರಳಿಗೆ ಹೋಯಿತು. ದಾರ ಕೊಳವೆಯನ್ನು ಅಡ್ಡಹಾಯ್ದ ಜಾಗದಲ್ಲಿ, ಉಬ್ಬಿದ ಮಾಂಸದ ನಡುವೆ, ಅದು ಕಾಣಿಸುತ್ತಿರಲಿಲ್ಲ. ಅಷ್ಟು ಒಳಗೆ ಕೂತಿತ್ತು. ದಾರದ ಕೆಳಗೆ ಒಂದು ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಹಿಂದೆ ಬಂದು ಗಂಟು ಬಿಚ್ಚಲು ನೋಡಿದರು. ನಾನು ನೇಕಾರರ ಮಗಳು. ನನ್ನ ಗಂಟು ಬೆವರಿಗೆ ನೆನೆದು ಕಲ್ಲಾಗಿತ್ತು.

"ಇದನ್ನ ಯಾವಾಗ ಕಟ್ಟಿದ್ರಿ?"

"ಮುಂಜಾನೆ ಎಂಟೂವರಿಗೆ ರೀ."

ಅವರು ಚೀಲದಿಂದ ಕತ್ತರಿ ತೆಗೆದರು. ಆಯಿ ನಡುವೆ ಬಂದು ನಿಂತಳು. "ಶಿವದಾರ ರೀ ಅದು! ಜೀವ ಇದ್ದಾಗ ಯಾರರ ಕಡೀತಾರೇನ್ರಿ?"

"ಗೊತ್ತೈತಿ ಆಯೀ, ನನ್ನ ಕೊಳ್ಳಾಗೂ ಐತಿ" ಎಂದು ಡಾಕ್ಟರು ಅಂಗಿಯ ಗುಂಡಿ ಬಿಚ್ಚಿ ತೋರಿಸಿದರು. ಆಮೇಲೆ ಅಪ್ಪನ ಮುಂದೆ ಬಗ್ಗಿ, "ನಿಮ್ಮ ಹೂಂ ಇಲ್ಲದ ಕಡಿಯೂದಿಲ್ಲ. ಆದರ ಲಗೂನ ಹೇಳ್ರಿ" ಎಂದರು.

ಅಪ್ಪ ಕಣ್ಣು ಮುಚ್ಚಿದರು. ಎಡಗೈಯನ್ನು ಗದ್ದದ ಕೆಳಗೆ ಒಡ್ಡಿದರು. ಕತ್ತರಿ ಆಡಿದಾಗ ಕರಡಿಗೆ ಆ ಅಂಗೈಯೊಳಗೇ ಬಿತ್ತು. ನೆಲಕ್ಕೆ ಬೀಳಲಿಲ್ಲ. ದಾರ ಬಿಡಿಸಿದಾಗ ಕೊಳವೆಯ ಮೇಲೆ ಒಂದು ಗೆರೆ ಉಳಿಯಿತು, ಹಗ್ಗ ಕಟ್ಟಿದ ಮರದ ಕೊಂಬೆಯ ಮೇಲೆ ಉಳಿಯುವಂಥದು.

ಅಪ್ಪ ನೇಯ್ದ ಸೀರೆ ಕೊಳ್ಳುತ್ತಿದ್ದ ಸಾವಕಾರರು ತಮ್ಮ ಕಾರು ಕೊಟ್ಟರು. ಕುಡಚಿ ಸ್ಟೇಶನ್ನಿನವರೆಗೆ ಕಾರು, ಅಲ್ಲಿಂದ ಮಿರಜಿಗೆ ಸಂಜೆಯ ರೈಲು. ರಬಕವಿಯ ಡಾಕ್ಟರು ಹೇಳಿದ ಹಾಗೆ ಕೊಳವೆ ಜಗ್ಗದಂತೆ ಅಪ್ಪನ ತಲೆಯನ್ನು ಎಡಕ್ಕೆ ಬಾಗಿಸಿ, ನನ್ನ ಹೆಗಲಿಗೆ ಆನಿಸಿಕೊಂಡು ಕೂತೆ. ತೇರದಾಳದಲ್ಲಿ ಒತ್ತಿ ನೋಡಿದೆ. ನೀಲಿ. ಹಾರೂಗೇರಿಯಲ್ಲಿ ನೋಡಿದೆ. ನೀಲಿ. ರೈಲಿನಲ್ಲಿ ಬೆಳಕು ಸಾಲದೆ ಬಣ್ಣ ತಿಳಿಯಲಿಲ್ಲ. ಅದು ಒಳ್ಳೆಯದೇ ಆಯಿತು ಅನ್ನಿಸಿತು. ಈ ಗಲ್ಲ ಸತ್ತರೆ ಹಚ್ಚಲು ಅಲ್ಲಿಗೆ ನಿಲುಕುವ ಬೇರೆ ಚರ್ಮ ಎದೆಯ ಮೇಲೆ ಇಲ್ಲ, ಬಾಯಿ ತೆರೆದೇ ಇರುತ್ತದೆ, ಅಪ್ಪ ಜೀವ ಇರುವವರೆಗೆ ಮೂಗಿನಿಂದಲೇ ಉಣ್ಣಬೇಕು. ಇದು ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಎದುರಿಗೆ ಕೂತ ಅವ್ವ ಇಬ್ಬರನ್ನೂ ನೋಡುತ್ತ ಕೈಯಲ್ಲಿ ಆ ಕತ್ತರಿಸಿದ ದಾರದ ತುಂಡನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅಪ್ಪ ಪಾಟಿ ಕೇಳಿದರು. ರೈಲಿನ ಕುಲುಕಾಟದಲ್ಲಿ ಸೊಟ್ಟ ಸೊಟ್ಟಾಗಿ ಬರೆದರು: "ಗಂಟ ಛಲೋ ಹಾಕೀದಿ. ಡಾಕ್ಟರಗೂ ಬಿಚ್ಚಾಕ ಬರಲಿಲ್ಲ."

ನನ್ನನ್ನು ನಗಿಸಲು ಬರೆದರೆಂದು ಗೊತ್ತು. ನಾನು ಪಾಟಿಯನ್ನು ಒರೆಸಿ ಕೆಳಗಿಟ್ಟೆ.

ಮಿರಜಿನ ಡಾಕ್ಟರು ಮನೆಗೆ ಹೊರಟಿದ್ದವರು ತಿರುಗಿ ಬಂದರು. ದೀಪದ ಕೆಳಗೆ ಗಲ್ಲಕ್ಕೆ ಸೂಜಿ ಚುಚ್ಚಿದರು. ದಾರದ ಒತ್ತಿಗೆ ಹಿಂದಿರುಗಲಾರದೆ ಗಲ್ಲದಲ್ಲೇ ನಿಂತಿದ್ದ ರಕ್ತ ಮೊದಲು ಕಪ್ಪಾಗಿ ಬಂತು, ನಿಧಾನಕ್ಕೆ ಇಳಿಯಿತು. ಅದನ್ನು ಒರೆಸಿದರು, ಮತ್ತೆ ಬಂತು, ಒರೆಸಿದರು. ಹೀಗೆ ಎಷ್ಟೋ ಸಲ. ಕೊನೆಗೆ ಅರಳೆಯ ಮೇಲಿನ ಕಲೆ ಒಂದಿಷ್ಟು ಕೆಂಪಾಗಿ ಕಾಣಿಸಿತು.

"ಏನು ಕಟ್ಟಿದ್ರಿ?"

"ಲಿಂಗ ಕಟ್ಟಿದ್ದೆ ರೀ. ನಾನ ಕಟ್ಟಿದ್ದು."

"ಕೊರಳಾಗ ಏನೂ ಬ್ಯಾಡ ಅಂತ ಹೇಳಿದ್ನಲ್ಲಾ. ನೀವು ತಿರುಗಿ ಒಪ್ಪಿಸಿದ್ರಿ."

"ಲಿಂಗ ಅಂತ ಹೇಳಿರಲಿಲ್ಲರೀ" ಎಂದೆ. ತಪ್ಪು ಅವರ ಮೇಲೆ ಹೊರಿಸಲು ಹೇಳಿದ್ದಲ್ಲ.

ಅವರು ಅರಳೆಯನ್ನು ಬಟ್ಟಲಿಗೆ ಹಾಕಿದರು. "ಹೌದು. ನನಗ ಹೊಳೀಲಿಲ್ಲ" ಎಂದರು. ಗಲ್ಲ ಉಳಿಯುತ್ತದೆಯೇ ಎಂದು ಅವ್ವ ಕೇಳಿದ್ದಕ್ಕೆ, "ಈಗ ಸುಳ್ಳು ಹೇಳೂದಿಲ್ಲ ತಾಯಿ. ನಾಲ್ಕು ದಿನ ತಡೀರಿ" ಎಂದರು. ಹೋಗುವ ಮೊದಲು ಕರಡಿಗೆಯನ್ನು ತಾವೇ ಅಪ್ಪನ ಬಲರಟ್ಟೆಯ ಮೇಲಿಟ್ಟು, ಅದರ ಸುತ್ತ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಸುತ್ತಿದರು.

ನಾಲ್ಕು ದಿನಗಳಲ್ಲಿ ನೀಲಿ ಹಿಂದೆ ಸರಿಯಿತು. ಮೊದಲು ಕೊಳವೆಯಿಂದ, ಆಮೇಲೆ ಗಲ್ಲದ ನಡುವಿನಿಂದ. ಆದರೆ ಬಾಯಿಯ ಮೂಲೆಯ ಹತ್ತಿರ, ಹೊಸ ಚರ್ಮ ಹಳೆಯ ಚರ್ಮಕ್ಕೆ ಕೂಡುವಲ್ಲಿ, ಹುಣಸೆಬೀಜದಷ್ಟು ಜಾಗ ಸರಿಯಲಿಲ್ಲ. ಅದು ಕಪ್ಪಾಯಿತು, ಒಣಗಿತು, ಉದುರಿತು. ಅಲ್ಲಿ ಒಂದು ತೂತು ಉಳಿಯಿತು.

ಬುಡ ಕೊಯ್ಯುವ ದಿನವನ್ನು ಮುಂದೆ ಹಾಕಿದರು. ಆಮೇಲೆ ಒಂದು ಬೆಳಿಗ್ಗೆ ಡಾಕ್ಟರು ಸಣ್ಣ ರಬ್ಬರಿನ ನಳಿಕೆ ತಂದು ಅದನ್ನು ಕೊಳವೆಯ ಬುಡಕ್ಕೆ ಸುತ್ತಿ ಇಕ್ಕಳ ಹಾಕಿ ಬಿಗಿದರು. ನಾನು ಕೂಗಿಯೇಬಿಟ್ಟೆ.

"ಹೆದರಬ್ಯಾಡ್ರಿ. ಬುಡದ ರಕ್ತ ಬಂದ್ ಮಾಡೇನಿ. ಈಗ ಗಲ್ಲ ತನ್ನ ಕಾಲ ಮ್ಯಾಲ ನಿಂದರತೈತೋ ಇಲ್ಲೋ ನೋಡಬೇಕು. ಗಡಿಯಾರ ಹಿಡೀರಿ. ಹತ್ತು ನಿಮಿಷ."

ಮೊದಲ ದಿನ ಆರನೆಯ ನಿಮಿಷಕ್ಕೆ ಗಲ್ಲ ಮಂಕಾಯಿತು. ಬಿಚ್ಚಿದರು. ಎರಡನೆಯ ದಿನ ಹತ್ತು ನಿಮಿಷ ತಡೆಯಿತು. ಮೂರನೆಯ ದಿನ ಅರ್ಧ ತಾಸು ಎಂದರು. ನನ್ನ ಒಂದು ಕಣ್ಣು ಗಡಿಯಾರದ ಮುಳ್ಳಿನ ಮೇಲೆ, ಒಂದು ಕಣ್ಣು ಗಲ್ಲದ ಮೇಲೆ. ಅಪ್ಪನಿಗೆ ತಮ್ಮ ಗಲ್ಲ ಕಾಣುವಂತಿರಲಿಲ್ಲ, ಅವರು ನನ್ನ ಮುಖ ನೋಡುತ್ತಿದ್ದರು. ಏನೂ ತೋರಿಸಬಾರದೆಂದು ನಾನು ಹಲ್ಲು ಕಚ್ಚಿಕೊಂಡೆ. ಹದಿನೈದು. ಇಪ್ಪತ್ತು. ಇಪ್ಪತ್ತೆರಡಕ್ಕೆ ಮಂಕಾಯಿತು ಅನ್ನಿಸಿತು. ಕಿಟಕಿಯ ಹೊರಗೆ ಮೋಡ ಸರಿದು ಬಿಸಿಲು ಬಂದಾಗ ಹಾಗಾಗಿರಲಿಲ್ಲ ಎಂದು ತಿಳಿಯಿತು. ಮೂವತ್ತಕ್ಕೆ ಡಾಕ್ಟರು ಒತ್ತಿ ಬಿಟ್ಟರು. ಬಿಳಿ. ಒಂದು, ಎರಡು. ಕೆಂಪು.

"ನಾಳಿ ಕೊಯ್ಯೋಣು" ಎಂದರು.

ಕೊಯ್ದರು. ಉಳಿದ ಚರ್ಮವನ್ನು ಎದೆಗೆ ಮರಳಿ ಹೊಲಿದರು. ಎಂಟು ದಿನ ಕಳೆದು ಮೂಗಿನ ನಳಿಕೆ ತೆಗೆದು, ಬಾಯಿಯಿಂದ ನೀರು ಕುಡಿಸಿ ನೋಡಿರಿ ಎಂದರು. ಅಪ್ಪ ಪೂಜೆ ಮುಗಿಸಿ ಮಂಚದ ಮೇಲೆ ನೆಟ್ಟಗೆ ಕೂತರು. ನಾನು ಸ್ಟೀಲಿನ ವಾಟಗದಲ್ಲಿ ನೀರು ಕೊಟ್ಟೆ. ಅವ್ವ ಟಾವೆಲ್ ಹಿಡಿದು ನಿಂತಳು.

ಅವರು ಒಂದು ಗುಟುಕು ಬಾಯಿಗೆ ತೆಗೆದುಕೊಂಡರು. ಹೊಸ ಗಲ್ಲ ಉಬ್ಬಿತು. ಅದು ನೀರನ್ನು ಹಿಡಿದಿತ್ತು. ಮರುಕ್ಷಣ ಆ ಹುಣಸೆಬೀಜದಷ್ಟು ತೂತಿನಿಂದ ನೀರು ಜಿನುಗಿ ಗದ್ದಕ್ಕೆ ಇಳಿದು ಅಂಗಿಯ ಮೇಲೆ ಬಿತ್ತು. ಅವ್ವ ಟಾವೆಲ್ ಚಾಚಿದಳು. ನಾನು ನೋಡಲಾರದೆ ಮುಖ ತಿರುಗಿಸಿದೆ. ಅಪ್ಪ ನನ್ನ ಮೊಣಕೈ ಹಿಡಿದು ಜಗ್ಗಿದರು. ತಿರುಗಿದಾಗ ಅವರು ಎಡಗೈ ಹೆಬ್ಬೆರಳನ್ನು ಬಾಯಿಯ ಮೂಲೆಗೆ ತಂದು, ಹುಡುಕಿ, ತೂತಿನ ಮೇಲೆ ಒತ್ತಿದರು. ಬಲಗೈಯಿಂದ ವಾಟಗ ಎತ್ತಿದರು. ಗಂಟಲು ಮೇಲೆ ಕೆಳಗೆ ಆಡುವುದು ಕಾಣಿಸಿತು. ನೀರು ಎಲ್ಲೂ ಸೋರಲಿಲ್ಲ. ತಳ ಕಾಣುವವರೆಗೆ ಕುಡಿದು, ಖಾಲಿ ವಾಟಗವನ್ನು ನನ್ನ ಕಡೆ ಚಾಚಿ, ಇನ್ನೂ ಬೇಕು ಎಂದು ಸನ್ನೆ ಮಾಡಿದರು.

ಮುಂದೆ ಅವರು ಬದುಕಿದ ಹನ್ನೊಂದು ವರ್ಷವೂ ಹಾಗೆಯೇ ಕುಡಿದರು.